ಬೀಡಿ ಕಟ್ಟಿದ ಬೆರಳು ಬೆಸೆದ ಗಾಜಿನ ಎಳೆ

ಬೆಳಗ್ಗೆ ಐದೂಮುಕ್ಕಾಲು. ಸಿದ್ಧಕಟ್ಟೆಯಿಂದ ನಾಲ್ಕು ಕಿಲೋಮೀಟರ್ ಒಳಗೆ, ರಬ್ಬರ್ ತೋಟದ ಬೇಲಿಗೆ ತಾಗಿ ಒಂದು ಪ್ಲಾಸ್ಟಿಕ್ ಸ್ಟೂಲ್. ಅದರ ಮೇಲೆ ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಯಂತ್ರ. ಎದುರಿಗೆ ಗೋಣಿ ಹಾಸಿ ಕೂತಿರುವ ಜಲಜಾಕ್ಷಿ, ಹಣೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸುತ್ತಿದ್ದಾರೆ. ನಿನ್ನೆ ಸಂಜೆಯ ಗಾಳಿಗೆ ಕೊಂಬೆ ಮುರಿದು ಬಿದ್ದು ಇಂಟರ್ನೆಟ್ ಕೇಬಲ್ ತುಂಡಾಗಿದೆ. ಆರೂವರೆಯೊಳಗೆ ಅದು ಸರಿಯಾಗಬೇಕು.

"ಆರೂವರೆಗೆ ನಿಝಾಮುದ್ದೀನ್ ಬೇಕರಿಯಿಂದ ರೂಮಿಗೆ ಬರ್ತಾನೆ. ಅಲ್ಲಿ ಆಗ ಗಂಟೆ ನಾಲ್ಕು. ಮಲಗುವ ಮೊದಲು ಮನೆಗೆ ಫೋನ್ ಮಾಡುದು ಅವನ ಕ್ರಮ," ಎನ್ನುತ್ತಾರೆ, ತಲೆ ಎತ್ತದೆ.

ಅಲ್ಲಿ ಎಂದರೆ ಕುವೈಟ್. ನಿಝಾಮುದ್ದೀನ್ ಅಲ್ಲಿ ರಾತ್ರಿಪಾಳಿಯಲ್ಲಿ ಬ್ರೆಡ್ ಬೇಯಿಸುವ ಕೆಲಸಗಾರ. ಅವರ ಮನೆ ಇರುವುದು ಈ ರಬ್ಬರ್ ತೋಟದ ಆಚೆ, ಮೂರು ಕಡೆ ಗುಡ್ಡ ಸುತ್ತಿರುವ ತಗ್ಗಿನಲ್ಲಿ. ಊರವರು ಆ ಜಾಗವನ್ನು ಗುಂಡಿ ಎನ್ನುತ್ತಾರೆ. ಹತ್ತೊಂಬತ್ತು ಮನೆಗಳಿವೆ, ಅವುಗಳಲ್ಲಿ ಹನ್ನೊಂದು ಮನೆಗಳಿಂದ ಒಬ್ಬರಾದರೂ ಗಲ್ಫಿನಲ್ಲಿದ್ದಾರೆ. ಮೊಬೈಲ್ ಸಿಗ್ನಲ್ ಇಂದಿಗೂ ಗುಂಡಿಗೆ ಇಳಿದಿಲ್ಲ.

ತುಂಡಾದ ಎರಡೂ ತುದಿಗಳ ಸಿಪ್ಪೆ ಸುಲಿದು, ಒರೆಸಿ, ನೇರವಾಗಿ ಕತ್ತರಿಸಿ ಜಲಜಾಕ್ಷಿ ಯಂತ್ರದೊಳಗೆ ಎದುರುಬದುರು ಮಲಗಿಸುತ್ತಾರೆ. ಮುಚ್ಚಳ ಹಾಕಿದ ಮೇಲೆ ಒಳಗೆ ಒಂದು ಕಿಡಿ. ಗಾಜು ಕರಗಿ ಗಾಜಿಗೆ ಅಂಟುತ್ತದೆ. ಕತ್ತರಿಸಿ ಉಳಿದ ಚೂರುಗಳನ್ನು ಅವರು ಎಸೆಯುವುದಿಲ್ಲ, ಸೊಂಟದಲ್ಲಿರುವ ಚಿಕ್ಕ ಬಾಟಲಿಗೆ ಹಾಕಿ ಮುಚ್ಚುತ್ತಾರೆ. "ಕಾಲಿಗೆ ಹೊಕ್ಕಿದ್ರೆ ಕಣ್ಣಿಗೆ ಕಾಣುದಿಲ್ಲ. ಇಲ್ಲಿ ಮಕ್ಕಳು ಶಾಲೆಗೆ ನಡ್ಕೊಂಡು ಹೋಗ್ತಾರೆ."

ಆರು ಇಪ್ಪತ್ತಕ್ಕೆ ಕೆಲಸ ಮುಗಿಯಿತು. ನಿಝಾಮುದ್ದೀನರ ಹೆಂಡತಿ ಶಹಲಾ ಚಹಾಕ್ಕೆ ಕರೆದರು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಆಗಲೇ ಕುವೈಟಿನ ರೂಮು ಕಾಣುತ್ತಿದೆ. ಗಂಡ ದಿಂಬಿಗೆ ಒರಗಿದ್ದಾರೆ, ಹೆಂಡತಿ ರೊಟ್ಟಿ ತಟ್ಟುತ್ತಿದ್ದಾರೆ. ಹತ್ತು ನಿಮಿಷದಲ್ಲಿ ಇಬ್ಬರೂ ಆಡಿದ್ದು ಮೂರೋ ನಾಲ್ಕೋ ಮಾತು.

"ಮೊದಲು ಗುಡ್ಡದ ತುದಿಗೆ ಹೋಗಿ ಫೋನ್ ಮಾಡ್ಬೇಕಿತ್ತು," ಶಹಲಾ ಹೇಳುತ್ತಾರೆ. "ಅಲ್ಲಿಯೂ ನೆಟ್ ಹಿಡಿಯುದಿಲ್ಲ, ಬರೀ ಕಾಲ್ ಹೋಗ್ತದೆ. ನಿಮಿಷಕ್ಕೆ ಹನ್ನೆರಡು ರೂಪಾಯಿ. ಜ್ವರ ಬಿಟ್ಟಿತಾ, ಫೀಸ್ ಕಟ್ಟಿ ಆಯ್ತಾ, ಮತ್ತೆ ಇಡ್ತೇನೆ, ಅಷ್ಟೇ. ಸುಮ್ಮನೆ ನಿಂತ್ರೂ ದುಡ್ಡು ಹೋಗ್ತಿತ್ತಲ್ಲ. ಈಗ ನಾವು ಮಾತಾಡದೆಯೂ ಇರ್ತೇವೆ. ಅವರಿಗೆ ನಿದ್ದೆ ಬರುವವರೆಗೆ ಹಾಗೇ ಇರ್ತದೆ ಫೋನು."

ನಲವತ್ತೇಳರ ಜಲಜಾಕ್ಷಿ ಇಪ್ಪತ್ತಾರು ವರ್ಷ ಬೀಡಿ ಕಟ್ಟಿದವರು. ದಿನಕ್ಕೆ ಎಂಟುನೂರು, ಹಬ್ಬದ ಮುಂಚೆ ಸಾವಿರ. ಗಂಡ ಮುಂಡಪ್ಪ ಒಂಬತ್ತು ವರ್ಷ ಬಹರೈನಿನ ಹೋಟೆಲೊಂದರಲ್ಲಿ ಅಡುಗೆಯಲ್ಲಿದ್ದರು. ಮಗಳು ಸುರಕ್ಷಾ ಹುಟ್ಟಿದ ಎಂಟನೇ ದಿನ, ಕೈಯಲ್ಲಿದ್ದ ದುಡ್ಡಿಗೆ ಎಷ್ಟು ಬರುತ್ತದೋ ಅಷ್ಟು ಮಾತಾಡುವುದೆಂದು ಜಲಜಾಕ್ಷಿ ಪುಂಜಾಲಕಟ್ಟೆಯ ಟೆಲಿಫೋನ್ ಬೂತಿಗೆ ಹೋಗಿದ್ದರು.

"ಮಗು ಯಾರ ಹಾಗೆ ಉಂಟು ಅಂತ ಕೇಳಿದ್ರು. ನನ್ನ ಕಣ್ಣು ಮೀಟರಿನ ಮೇಲೆ. ಮತ್ತೆ ಹೇಳ್ತೇನೆ ಅಂತ ಇಟ್ಟೆ. ಮತ್ತೆ ಹೇಳಿದ್ದು ಕಾಗದದಲ್ಲಿ, ಅದು ತಲುಪುವಾಗ ಮಗುವಿನ ಮುಖವೇ ಬದಲಾಗಿತ್ತು," ಎಂದು ನಗುತ್ತಾರೆ. ಮುಂಡಪ್ಪ ಈಗ ಮೂಡುಬಿದಿರೆಯ ಹೋಟೆಲಿನಲ್ಲಿದ್ದಾರೆ, ಪ್ರತಿದಿನ ಮನೆಗೆ ಬರುತ್ತಾರೆ.

ಬೀಡಿ ಕೆಲಸ ವಾರಕ್ಕೆ ಮೂರು ದಿನಕ್ಕೆ ಇಳಿದಾಗ ಜಲಜಾಕ್ಷಿ ಮನ್ವಿತ್ ಎಂಬ ಯುವಕ ನಡೆಸುವ ಕೇಬಲ್ ಕಚೇರಿಯಲ್ಲಿ ತಿಂಗಳ ಬಿಲ್ ವಸೂಲಿಗೆ ಸೇರಿದರು. ಕೇಬಲ್ ತುಂಡಾದರೆ ಬೆಸೆಯುವವರು ಹೊರಗಿನಿಂದ ಬರಬೇಕಿತ್ತು. ಮೂರು ದಿನ, ಕೆಲವೊಮ್ಮೆ ವಾರ. ಗ್ರಾಹಕರ ಬೈಗಳೆಲ್ಲ ಬಿಲ್ ಕೇಳಲು ಹೋದ ಇವರಿಗೆ. ಬೈಸಿಕೊಳ್ಳುವುದಕ್ಕಿಂತ ಕಲಿಯುವುದೇ ಸುಲಭ ಅನ್ನಿಸಿ, ಬಿಸಾಡಿದ ಕೇಬಲ್ ತುಂಡುಗಳನ್ನು ಮನೆಗೆ ತಂದು ಸುಲಿಯಲು ಕೂತರು. "ಎಲೆ ಹರಿಯದ ಹಾಗೆ ಸುರುಟಿದ ಕೈ ಇದು. ಮೆಷಿನ್ ಹೊಸತು, ಬೆರಳಿಗೆ ಕೆಲಸ ಹಳತೇ." ಒಂದು ತಿಂಗಳಲ್ಲಿ ಮನ್ವಿತ್ ಯಂತ್ರವನ್ನು ಅವರ ಕೈಗೆ ಕೊಟ್ಟರು.

ಗುಂಡಿಗೆ ಲೈನ್ ಎಳೆಯುವ ಮಾತು ತೆಗೆದವರೂ ಜಲಜಾಕ್ಷಿಯೇ. ಒಂದೂವರೆ ಕಿಲೋಮೀಟರ್ ಕೇಬಲ್ ಬೇಕು, ಹತ್ತು ಮನೆಯಾದರೂ ಸೇರದಿದ್ದರೆ ಆಗುವುದಿಲ್ಲ ಎಂದರು ಮನ್ವಿತ್. ಇವರು ಮನೆಮನೆಗೆ ಹೋಗಿ, ತಿಂಗಳಿಗೆ ಫೋನಿಗೆಷ್ಟು ಖರ್ಚು ಎಂದು ಹೆಂಗಸರನ್ನೇ ಕೇಳಿದರು. ನಾನ್ನೂರು ರೂಪಾಯಿಯ ಸಂಪರ್ಕದಲ್ಲಿ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು ಎಂದಾಗ ಮೊದಲು ಯಾರೂ ನಂಬಲಿಲ್ಲ. ಕೊನೆಗೆ ಹದಿನಾಲ್ಕು ಮನೆಯವರು ಒಪ್ಪಿದರು.

ಆದರೆ ದಾರಿ ಇದ್ದದ್ದು ಶಶಿರಾಜ್ ಜೈನರ ತೋಟದ ಮೂಲಕ. ಹಿಂದೊಮ್ಮೆ ಯಾರೋ ಗುತ್ತಿಗೆದಾರ ಕೇಬಲ್ ಹಾಕುತ್ತೇನೆಂದು ಜೆಸಿಬಿ ತಂದು, ನೀರಿನ ಪೈಪು ಒಡೆದು, ಅಗೆದ ಚರಂಡಿಯನ್ನು ಹಾಗೇ ಬಿಟ್ಟು ಹೋಗಿದ್ದ. ಇನ್ನು ಕೇಬಲಿನವರು ಗೇಟಿನೊಳಗೆ ಬರುವುದು ಬೇಡ ಎಂದು ಶಶಿರಾಜ್ ಮೂರು ಸಲ ತಿರುಗಿಸಿ ಕಳುಹಿಸಿದರು. ನಾಲ್ಕನೇ ಸಲ ಜಲಜಾಕ್ಷಿ ನೋಟ್‌ಬುಕ್ಕಿನ ಹಾಳೆಯಲ್ಲಿ ದಾರಿ ಬರೆದು ತಂದಿದ್ದರು. ಬೇಲಿಯ ಅಂಚಿನಲ್ಲೇ ಕಂಬ, ಒಂದು ಕಡೆಯೂ ಅಗೆಯುವುದಿಲ್ಲ, ಯಾವ ಮರಕ್ಕೂ ಮೊಳೆ ಹೊಡೆಯುವುದಿಲ್ಲ.

"ತುಂಡಾದ್ರೆ ಯಾರು ಬರುದು?" ಶಶಿರಾಜ್ ಕೇಳಿದರು.

"ನಾನೇ ಬರುದು ಅಣ್ಣ. ಆ ಗುಡ್ಡದ ಆಚೆ ಬದಿ ನನ್ನ ಮನೆ. ಕರೆದ್ರೆ ಅರ್ಧ ಗಂಟೆ."

ಶಶಿರಾಜ್ ಈಗಲೂ ಅದನ್ನು ನೆನೆಯುತ್ತಾರೆ. "ಮೊದಲು ಬಂದವರೆಲ್ಲ ಕಂಪೆನಿ ಹೆಸರು ಹೇಳಿದ್ರು. ಇವರು ಮನೆ ಎಲ್ಲಿ ಅಂತ ಹೇಳಿದ್ರು. ನಂಗೆ ಅಷ್ಟು ಸಾಕಿತ್ತು."

ಲೈನ್ ಬಂತು. ಹದಿನಾಲ್ಕು ಮನೆಗೆ ದೀಪ ಮಿನುಗುವ ವೈಫೈ ಪೆಟ್ಟಿಗೆ ಬಂತು. ಮೂರನೇ ದಿನದಿಂದ ಕರೆ ನಡುನಡುವೆ ನಿಲ್ಲತೊಡಗಿತು. ಬೀಡಿ ಕಟ್ಟುವವಳು ಕಟ್ಟಿದ ವಯರ್ ಅಲ್ಲವೇ ಎಂದು ಯಾರೋ ಆಡಿದ್ದು ಜಲಜಾಕ್ಷಿಯ ಕಿವಿಗೂ ಬಿತ್ತು. ಅವರು ಎರಡು ದಿನ ಕೇಬಲಿನ ಉದ್ದಕ್ಕೂ ನಡೆದರು, ಏನೂ ಸಿಗಲಿಲ್ಲ. ಕೊನೆಗೆ ತಾವೇ ಬೆಸೆದ ಜೋಡಣೆಯನ್ನು ಮುಚ್ಚಿಟ್ಟಿದ್ದ ಕಂಬದ ಪೆಟ್ಟಿಗೆ ತೆರೆದಾಗ ಕಾರಣ ಗೊತ್ತಾಯಿತು. ಉಳಿದ ಎಳೆಯನ್ನು ಒಳಗೆ ಸುತ್ತಿಡುವಾಗ ತೀರಾ ಬಿಗಿಯಾಗಿ ಸುತ್ತಿದ್ದರು. ಈ ಎಳೆಯೊಳಗೆ ಮಾತು ಹೋಗುವುದು ಬೆಳಕಾಗಿ, ಅಷ್ಟು ಬಗ್ಗಿದರೆ ಆ ಬೆಳಕು ಮುಂದೆ ಹೋಗುವುದಿಲ್ಲ.

"ಕೈಯ ಅಭ್ಯಾಸ. ಬೀಡಿಯ ನೂಲು ಬಿಗಿಯಬೇಕು, ಇದನ್ನು ಬಿಗಿಯಬಾರದು. ಅದನ್ನು ನಂಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ." ಸಡಿಲವಾಗಿ ಸುತ್ತಿ ಮುಚ್ಚಿದ ಮೇಲೆ ಅವರು ಸುಮ್ಮನೆ ಮನೆಗೆ ಹೋಗಬಹುದಿತ್ತು. ಹಾಗೆ ಮಾಡದೆ ಹದಿನಾಲ್ಕು ಮನೆಗೂ ಹೋಗಿ, ತಪ್ಪು ನನ್ನದೇ, ಸರಿ ಮಾಡಿದ್ದೇನೆ ಎಂದು ಹೇಳಿ ಬಂದರು. ಆ ವಾರವೇ ಇನ್ನೂ ಮೂರು ಮನೆಯವರು ಸಂಪರ್ಕ ಕೇಳಿದರು.

ಇವತ್ತು ಅವರ ಕೈಕೆಳಗೆ ಪುಂಜಾಲಕಟ್ಟೆಯಿಂದ ಸಿದ್ಧಕಟ್ಟೆಯವರೆಗೆ ಆರುನೂರಕ್ಕೂ ಹೆಚ್ಚು ಮನೆಗಳ ಲೈನ್ ಇದೆ. ದಿನಕ್ಕೆ ಆರೇಳು ಜೋಡಣೆ, ಗಾಳಿ ಬಂದ ಮರುದಿನ ಇಪ್ಪತ್ತು. ಸ್ಕೂಟರಿನ ಮುಂದೆ ಯಂತ್ರ, ಹಿಂದೆ ಏಣಿ. ಕಂಬ ಹತ್ತುವ ಹೆಂಗಸೆಂದು ನಿಂತು ನೋಡುತ್ತಿದ್ದವರು ಈಗ ಏಣಿ ಹಿಡಿಯಲು ಬರುತ್ತಾರೆ.

ಮುಂದೇನು ಎಂದು ಕೇಳಿದರೆ ಅವರಿಗೆ ದೊಡ್ಡ ಆಸೆಗಳಿಲ್ಲ. ಕಟ್ಟಿದ ಬೀಡಿ ಕೊಡಲು ಹೋಗುತ್ತಿದ್ದ ಬ್ರಾಂಚಿನಲ್ಲಿ ಜೊತೆಗಿದ್ದವರಲ್ಲಿ ಇಬ್ಬರಿಗಾದರೂ ಈ ಕೆಲಸ ಕಲಿಸಬೇಕಂತೆ. "ಅವರದ್ದು ನನಗಿಂತ ಚುರುಕು ಕೈ. ಸುತ್ತುವಾಗ ಸಡಿಲ ಬಿಡಿ ಅಂತ ಮೊದಲ ದಿನವೇ ಹೇಳ್ಬೇಕು, ಅಷ್ಟೇ."

ಗಲ್ಫಿಗೆ ಒಮ್ಮೆ ಹೋಗಿ ನೋಡುವ ಮನಸ್ಸಿಲ್ಲವೇ ಎಂದೆವು. ಸ್ಕೂಟರಿಗೆ ಏಣಿ ಕಟ್ಟುತ್ತಿದ್ದ ಜಲಜಾಕ್ಷಿ ಹಗ್ಗದ ಗಂಟು ಎಳೆದು ನೋಡಿದರು.

"ನಾನು ಮಂಗಳೂರಿನಿಂದ ಆಚೆ ಹೋದವಳಲ್ಲ. ಆದ್ರೆ ಈ ಗುಂಡಿಯಿಂದ ಕುವೈಟಿಗೆ ಹೋಗುವ ಮಾತು ಉಂಟಲ್ಲ, ಅದು ನನ್ನ ಕೈ ದಾಟಿಯೇ ಹೋಗ್ಬೇಕು."