ಕಚೇರಿ ಏಳುವತನಕ

ನಮ್ಮ ತಹಶೀಲ್ದಾರ ಸಾಹೇಬರ ಕತ್ತು ತಿರುಗುತ್ತಿರಲಿಲ್ಲ. ಹರೆಯದಲ್ಲಿ ಕುದುರೆಯಿಂದ ಬಿದ್ದವರು. ಪಕ್ಕದಿಂದ ಯಾರಾದರೂ ಕರೆದರೆ ಸೊಂಟದಿಂದ ಮೇಲೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಹೊಸಬರು ಅದನ್ನು ಅಧಿಕಾರದ ಗತ್ತು ಎಂದುಕೊಳ್ಳುತ್ತಿದ್ದರು. ಅವರದು ಕುರುಗೋಡಿನ ಸಾಬರ ಮನೆತನ. ಗತ್ತು ಅವರ ಹತ್ತಿರ ಸುಳಿದದ್ದನ್ನು ನಾನು ಕಾಣೆ. ಸಿರುಗುಪ್ಪದ ಕಚೇರಿಯಲ್ಲಿ ಅವರ ಕೈಕೆಳಗೆ ನಾನು ಗುಮಾಸ್ತನಾಗಿದ್ದೆ.

ಮುಂಜಾನೆ ಅವರು ಕಂದಾಯದ ಅಧಿಕಾರಿ, ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಮ್ಯಾಜಿಸ್ಟ್ರೇಟರು. "ಹುಕುಂ ಮಾಡಾವನೂ ನಾನ, ಹುಕುಂ ಮೀರಿದಾವನ್ನ ವಿಚಾರಣಿ ಮಾಡಾವನೂ ನಾನ. ಇದ್ಯಾವ ನ್ಯಾಯ ಹೇಳಪ?" ಎಂದು ನನ್ನನ್ನು ಕೇಳುತ್ತಿದ್ದರು. ಮದ್ರಾಸಿನ ಪತ್ರಿಕೆ ಬಂದರೆ ವಿಲಾಯತಿಯ ಪಾರ್ಲಿಮೆಂಟಿನ ಸುದ್ದಿಯನ್ನೇ ಮೊದಲು ಓದುತ್ತಿದ್ದರು. ಅಲ್ಲಿನ ಮಂತ್ರಿಮಂಡಲ ಬಿದ್ದ ಸುದ್ದಿ ಬಂದ ದಿನ ಊಟವನ್ನೇ ಮರೆತಿದ್ದರು.

ಒಂದು ವರ್ಷ ಬಳ್ಳಾರಿಯಿಂದ ಮೇಲಧಿಕಾರಿಯೊಬ್ಬರು ಮೊಕ್ಕಾಂ ಬಂದರು. ಡೇರೆ ಸಾಗಿಸಲು ಹಚ್ಚೊಳ್ಳಿಯಿಂದ ಬಂಡಿ ಬರಬೇಕೆಂದು ನಮ್ಮ ಸಾಹೇಬರೇ ಹುಕುಂ ಹೊರಡಿಸಿದ್ದರು. ಒಬ್ಬ ಬಂಡಿಯವನು ಬರಲಿಲ್ಲ. ಹೆರಿಗೆ ಕಷ್ಟವಾಗಿದ್ದ ಹೆಂಡತಿಯನ್ನು ಅದೇ ಬಂಡಿಯಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಒಯ್ದಿದ್ದ. ಡೇರೆಗಳು ಅರ್ಧ ದಿನ ಬಿಸಿಲಲ್ಲಿ ಬಿದ್ದಿದ್ದವು. ಮೇಲಧಿಕಾರಿಗೆ ಸಿಟ್ಟು ಬಂತು. ಬಂಡಿಯವನ ಮೇಲೆ ಊರ ಗೌಡನ ಹೆಸರಿನಲ್ಲಿ ದೂರು ತಯಾರಾಯಿತು. ಬರೆಸಿದವರು ಸಾಹೇಬರು, ಬರೆದವನು ನಾನು.

ಹುಕುಂ ತಮ್ಮದೇ ಆದ್ದರಿಂದ ಈ ಮೊಕದ್ದಮೆ ಬೇರೆಯವರ ಮುಂದೆ ನಡೆಯಲಿ ಎಂದು ಸಾಹೇಬರು ಬಳ್ಳಾರಿಗೆ ಪತ್ರ ಬರೆದರು. ಪತ್ರ ಹಾಗೇ ಹಿಂದಿರುಗಿತು. ಅಂಚಿನಲ್ಲಿ ಆ ಮೇಲಧಿಕಾರಿಯ ಒಂದೇ ಸಾಲು: ನೀವೇ ವಿಚಾರಿಸಿ, ಶಿಕ್ಷೆಯಾಗಲಿ. ಮೇಲ್ಮನವಿ ಹೋದರೂ ಅದೇ ಅಧಿಕಾರಿಯ ಮುಂದೆಯೇ. ರಾಜೀನಾಮೆ ಕೊಡೋಣವೆಂದರೆ ಮನೆಯಲ್ಲಿ ಒಂಬತ್ತು ಜನ ಅವರೊಬ್ಬರನ್ನೇ ನಂಬಿದ್ದರು.

"ಬಂಡಿ ಒಂದ ಇತ್ರಿ, ಏನ್ ಮಾಡ್ಲಿ?" ಎಂದ ಬಂಡಿಯವನು, ವಿಚಾರಣೆಯ ದಿನ.

"ಕೂಸು?" ಸಾಹೇಬರು ಕೇಳಿದರು.

"ಉಳೀಲಿಲ್ರಿ. ಆಕಿ ಉಳಿದಾಳ."

ಸಾಹೇಬರು ತೀರ್ಪು ಹೇಳಿದರು: ಕಚೇರಿ ಏಳುವತನಕ ಸಜೆ. ಅಂದಿನ ಕಚೇರಿ ಮುಗಿಯುವ ಸಂಜೆಯವರೆಗೆ ಅವನು ಅಲ್ಲೇ ಕೂತಿದ್ದರೆ ಸಾಕು. ತಾವೂ ಕುರ್ಚಿ ಬಿಟ್ಟು ಏಳಲಿಲ್ಲ. ಮನೆಯಿಂದ ಬಂದ ಬುತ್ತಿಯನ್ನು ವಾಪಸು ಕಳಿಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಅವನು ಧೈರ್ಯ ಮಾಡಿ ಕೇಳಿದ: "ನಿಮ್ಮ ಮ್ಯಾಲಿನ ಸಾಹೇಬ್ರನ್ನ ಯಾರೂ ಕೇಳಂಗಿಲ್ಲೇನ್ರಿ?"

"ಕೇಳ್ತಾರಪ. ಅವರ ಮ್ಯಾಲೆ ಮದ್ರಾಸಿನವರು, ಎಲ್ಲಾರ ಮ್ಯಾಲೆ ವಿಲಾಯತಿ ಮಂತ್ರಿ ಅದಾರ. ಆ ಮಂತ್ರಿ ಪಾರ್ಲಿಮೆಂಟಿನ್ಯಾಗ ಎದ್ದು ನಿಂತು ಜವಾಬು ಕೊಡಬೇಕು. ಮಂದಿ ಆರಿಸಿ ಕಳಿಸಿದವರು ಅಲ್ಲಿ ಕುಂತಿರ್ತಾರ. ಅವರಿಗೆ ನಂಬಿಕಿ ಹೋತಂದ್ರ ಮಂತ್ರಿಗೋಳು ಕುರ್ಚಿ ಬಿಡಬೇಕು."

"ಅವರೊಳಗ ನಾವು ಆರಿಸಿದವರು ಯಾರರ ಅದಾರೇನ್ರಿ?"

ಸಾಹೇಬರು ಇಡೀ ಮೈ ತಿರುಗಿಸಿ ಅವನನ್ನು ನೋಡಿದರು. "ಇಲ್ಲಪ. ಒಬ್ರೂ ಇಲ್ಲ."

ಆ ತೀರ್ಪಿನಿಂದ ಅವರ ಬಡ್ತಿ ನಿಂತಿತು. ಆಮೇಲೆ ಅವರು ಯಾವ ಮೊಕದ್ದಮೆಯನ್ನೂ ಬೇರೆಯವರಿಗೆ ಕೊಡಿ ಎನ್ನಲಿಲ್ಲ. ಮೇಲಿನಿಂದ ಚೀಟಿ ಬಂದಂತೆ ಶಿಕ್ಷೆ ಕೊಟ್ಟರು. ಆ ತೀರ್ಪುಗಳನ್ನೆಲ್ಲ ನಕಲು ಮಾಡಿದವನು ನಾನೇ, ಸುಳ್ಳು ಹೇಳಲಾರೆ. ಪತ್ರಿಕೆ ತರಿಸುವುದನ್ನೂ ಬಿಟ್ಟರು. ಒಂದು ದಿನ ನಾನು ಬರೆಯುತ್ತಿದ್ದ ಕಾಗದವನ್ನು ಎಳೆದುಕೊಂಡು, "ನನಗಂತೂ ಹೊರಗ ಹೋಗಾಕ ದಾರಿ ಇಲ್ಲ. ನೀ ವಕೀಲಿ ಪರೀಕ್ಷಿಗೆ ಕೂಡು. ಈ ಕುರ್ಚಿ ಮುಂದ ನಿಂತು ಕೇಳಾವ ಒಬ್ಬನಾರ ಇರಲಿ" ಎಂದರು. ತಮ್ಮ ಕಾನೂನು ಪುಸ್ತಕಗಳನ್ನೆಲ್ಲ ನನಗೇ ಕೊಟ್ಟರು. ನಾನು ವಕೀಲನಾದದ್ದು ಹಾಗೆ.

ಅವರು ತೀರಿಕೊಂಡ ಸುದ್ದಿ ಬಂದ ದಿನ ನಾನು ಬಳ್ಳಾರಿಯ ಕಚೇರಿಯೊಂದರಲ್ಲಿ ಒಬ್ಬ ಕುರುಬನ ಪರ ನಿಂತಿದ್ದೆ. ವಿಚಾರಣೆ ಮುಂದೂಡಲು ವಾಯಿದೆ ಕೇಳಿದೆ, ಸಿಗಲಿಲ್ಲ. ಕುರುಗೋಡಿಗೆ ಹೋಗಿ ಮಣ್ಣು ಹಾಕಲಾಗಲಿಲ್ಲ. ನನ್ನ ಸರದಿ ಬಂದಾಗ ಪೀಠದಲ್ಲಿದ್ದವರನ್ನು ಕೇಳಿದೆ: "ಈ ದೂರು ಬರೆಸಿದವರು ತಾವ ಹೌದಲ್ರಿ?" ನನ್ನ ಪ್ರಶ್ನೆಯನ್ನು ಬರೆದುಕೊಳ್ಳುವಂತೆ ಗುಮಾಸ್ತನಿಗೆ ಹೇಳಿ, ಅವನು ಬರೆದು ಮುಗಿಸುವವರೆಗೂ ನಿಂತೇ ಇದ್ದೆ.