ಐವತ್ತು ರಿಯಾಲಿನ ಕಾಳು

ಗಂಗಾವತಿ ಸಂತೆಯಲ್ಲಿ ಕೊತ್ತಂಬರಿ ಮಾರುವವಳು ನನ್ನನ್ನು ದೂರದಿಂದ ಕಂಡ ಕೂಡಲೇ ಒಳ್ಳೆಯ ಕಟ್ಟುಗಳನ್ನು ಚೀಲದ ಹಿಂದಕ್ಕೆ ಸರಿಸುತ್ತಾಳಂತೆ. ಇದು ನನ್ನ ಹೆಂಡತಿ ತಂದ ವರದಿ. ನಾನು ಒಂದು ಕಟ್ಟಿಗೆ ಮೂರು ಸಲ ಬೆಲೆ ಕೇಳುತ್ತೇನೆ, ನಾಲ್ಕನೆಯ ಸಲ ಕೊಸರು ಕೇಳುತ್ತೇನೆ, ಆಮೇಲೆ ಪಕ್ಕದವಳ ಹತ್ತಿರ ಕೊಳ್ಳುತ್ತೇನೆ. ಇದು ದುರ್ಗುಣವೆಂದು ನನಗೆ ಬಹಳ ಕಾಲ ಹೊಳೆದಿರಲಿಲ್ಲ. ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿ, ಈಗ ದಿನಾ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿ ಅದನ್ನೇ ಕಲಿಸಿ ಬರುವವನಿಗೆ ಇದು ವೃತ್ತಿಧರ್ಮ ಎಂದುಕೊಂಡಿದ್ದೆ. ಹೋದ ವರ್ಷದ ಮಕ್ಕಾ ಪ್ರಯಾಣ ಆಗದೇ ಇದ್ದರೆ ಈಗಲೂ ಹಾಗೇ ಅಂದುಕೊಂಡಿರುತ್ತಿದ್ದೆ.

ಹೋಗಬೇಕೆಂದವಳು ಅವ್ವ. ಹಜ್ಜಿನ ಕಾಲವಲ್ಲದ ದಿನಗಳಲ್ಲಿ ಮಾಡುವ ಮಕ್ಕಾ ಯಾತ್ರೆಗೆ ಉಮ್ರಾ ಅನ್ನುತ್ತಾರೆ. ಆಸೆ ಅವಳದು, ಕೈಹಿಡಿದು ನಡೆಸುವ ಕೆಲಸ ನನ್ನದು. ಪರಲೋಕದ ವಿಷಯದಲ್ಲಿ ನನಗೆ ಕೆಲವು ಅನುಮಾನಗಳಿವೆ. ಆದರೆ ರಿಯಾಲಿನ ದರದ ವಿಷಯದಲ್ಲಿ ಆಗ ಹುಟ್ಟಿಕೊಂಡ ಅನುಮಾನಗಳ ಮುಂದೆ ಅವು ಏನೇನೂ ಅಲ್ಲ. ಒಂದೇ ನೋಟು, ಒಂದೇ ಗಾಜಿನ ಕಿಟಕಿ. ಆ ಕಡೆಯವನು ಕೊಳ್ಳುವಾಗ ಒಂದು ಬೆಲೆ, ಮಾರುವಾಗ ಇನ್ನೊಂದು. ಬ್ಯಾಂಕಿನಲ್ಲಿ ಒಂದು, ವಿಮಾನ ನಿಲ್ದಾಣದಲ್ಲಿ ಮತ್ತೊಂದು. ತಿಂಗಳುಗಟ್ಟಲೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ಮೊಬೈಲಿನಲ್ಲಿ ದರ ನೋಡಿದೆ. ಅವ್ವ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡುತ್ತಿದ್ದಳು; ನಾನು ದಶಾಂಶಗಳನ್ನು.

ಹಣ ಬದಲಾಯಿಸುವುದು ನಮ್ಮ ಮನೆತನಕ್ಕೆ ಹೊಸದಲ್ಲ ಬಿಡಿ. ನಮ್ಮ ಸೀಮೆ ನಿಜಾಮನ ಕೈಯಲ್ಲಿದ್ದಾಗ ಇಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ. ಹೊಳೆ ದಾಟಿದರೆ ಬ್ರಿಟಿಷರ ಸೀಮೆ, ಅಲ್ಲಿ ಕಲ್ದಾರ ರೂಪಾಯಿ. ನನ್ನ ಅಜ್ಜ, ನಮ್ಮ ಬಾಯಲ್ಲಿ ಮುತ್ಯಾ, ಹತ್ತಿ ಹಿಂಜುವ ಕೆಲಸಕ್ಕೆ ಹೊಸಪೇಟೆಗೆ ಹೋಗಬೇಕಾದರೂ ಮೊದಲು ಸಾಹುಕಾರನ ಕಟ್ಟೆಗೆ ಹೋಗಿ ಹಾಲಿ ಕೊಟ್ಟು ಕಲ್ದಾರ ಮಾಡಿಸಿಕೊಳ್ಳುತ್ತಿದ್ದನಂತೆ. ಅವನಿಗೆ ತುಂಗಭದ್ರೆಯ ಆಚೆ ದಂಡೆಯೇ ಪರದೇಶ. ಸಾಹುಕಾರ ಪ್ರತಿ ಸಲವೂ ಬಟ್ಟಾ ಎಂದು ಒಂದಿಷ್ಟು ಮುರಿದುಕೊಳ್ಳುತ್ತಿದ್ದ, ಮುತ್ಯಾ ಪ್ರತಿ ಸಲವೂ ಬೈಯುತ್ತಿದ್ದ. ಹಾಗೆಂದು ನನಗೆ ನೆನಪು. ಮುತ್ಯಾ ಹೇಳಿದ್ದೋ, ನಾನೇ ಪಾಠಕ್ಕೆ ರುಚಿಯಾಗಲೆಂದು ಕಟ್ಟಿಕೊಂಡದ್ದೋ ಈಗ ಖಾತ್ರಿಯಿಲ್ಲ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆಯಾಗಿದೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಕಡೆಗೆ ನನಗೊಂದು ಮಹಾ ಉಪಾಯ ಹೊಳೆಯಿತು. ನಮ್ಮ ಓಣಿಯಲ್ಲಿ ಹಜ್ಜಿಗೋ ಉಮ್ರಾಕ್ಕೋ ಹೋಗಿ ಬಂದವರು ಹಲವರಿದ್ದಾರೆ. ಪ್ರತಿಯೊಬ್ಬರ ಟ್ರಂಕಿನ ತಳದಲ್ಲೂ ಉಳಿದುಬಂದ ಹತ್ತೋ ಇಪ್ಪತ್ತೋ ರಿಯಾಲು ಇದ್ದೇ ಇರುತ್ತದೆ. ಅಷ್ಟು ಚಿಲ್ಲರೆಯನ್ನು ಹಿಡಿದು ಯಾರೂ ಬ್ಯಾಂಕಿಗೆ ಹೋಗುವುದಿಲ್ಲ. ಅವರಿಗೆ ಬೇಡದ್ದು, ನನಗೆ ಬೇಕಾದದ್ದು, ನಡುವೆ ದಲ್ಲಾಳಿಯೇ ಇಲ್ಲ! ಪರವಾನಗಿ ಇಲ್ಲದವರಿಂದ ವಿದೇಶಿ ಹಣ ಕೊಳ್ಳಬಾರದೆಂಬ ಕಾನೂನು ನನಗೆ ಗೊತ್ತಿರಲಿಲ್ಲವೆಂದಲ್ಲ. "ಇದು ಕೊಳ್ಳುವುದಲ್ಲ, ನೆರೆಹೊರೆಯವರ ಕೈಬದಲು" ಎಂದು ನನಗೆ ನಾನೇ ವಕೀಲನಾಗಿ, ನಾನೇ ನ್ಯಾಯಾಧೀಶನಾಗಿ, ನಿರಪರಾಧಿಯೆಂದು ತೀರ್ಪು ಕೊಟ್ಟುಕೊಂಡೆ.

ಮೊದಲು ಹೋದದ್ದು ಮೌಲಾಸಾಬ ಕಾಕಾನ ಮನೆಗೆ. ಕಾಕಾ ದರ್ಜಿ; ಅಳತೆ ತಪ್ಪದ ಮನುಷ್ಯ.

"ಯಾವ ದರ ಹಿಡೀತಿಯೋ ಮಾಸ್ತರ?"

"ಬ್ಯಾಂಕಿನವ್ರು ಕೊಳ್ಳೋ ದರ, ಕಾಕಾ."

"ಅವರ ಹತ್ರ ನೀ ಹೋಗಿ ಕೊಂಡ್ರ?"

"ಅದು ಬ್ಯಾರೆ ದರ."

"ಅಂದ್ರ ಜಾಸ್ತಿ ಇದ್ದದ್ದು ನಿನ್ನ ಕಿಸೇದಾಗ ಇಟಗೊಂಡು, ಕಡಿಮಿ ಇದ್ದದ್ದು ನನಗ ಹೇಳಾಕತ್ತಿ. ಭಾಳ ಓದೀಯಪಾ ನೀ!"

ನಡುವಿನ ಒಂದು ದರಕ್ಕೆ ಇಬ್ಬರೂ ಒಪ್ಪಿದೆವು. ಮನೆಗೆ ಬರುವಾಗ ಬೀದಿ ನಲ್ಲಿಯ ಹತ್ತಿರ ಹುಸೇನಬಿ ಚಿಗವ್ವ ಸಿಕ್ಕಳು. ಸಂಬಂಧದಲ್ಲಿ ಚಿಕ್ಕಮ್ಮ ಅಲ್ಲ, ಓಣಿಗೆಲ್ಲ ಚಿಗವ್ವ. ನಾನು ರಿಯಾಲು ಕೂಡಿಸುತ್ತಿರುವ ಸುದ್ದಿ ನನಗಿಂತ ಮೊದಲು ನಲ್ಲಿಗೆ ಬಂದಿತ್ತು. ಕೊಡ ಅಲ್ಲೇ ಬಿಟ್ಟು ಮನೆಗೆ ಹೋಗಿ, ಎಲೆಯಡಿಕೆ ಚೀಲದಿಂದ ಒಂದು ಐವತ್ತರ ರಿಯಾಲು ತಂದು ನನ್ನ ಅಂಗೈಯಲ್ಲಿ ಒತ್ತಿದಳು. ಎಂದೋ ಹಜ್ಜಿನಿಂದ ಬಂದ ಯಾರೋ ಅವಳ ತೀರಿಹೋದ ಗಂಡ ಇಮಾಮಸಾಬನಿಗೆ ಕೊಟ್ಟ ನೋಟು. ನಾನು ಪಾಕೀಟು ತೆಗೆದೆ.

"ದುಡ್ಡು ಗಿಡ್ಡು ಬ್ಯಾಡೋ ಯಪ್ಪಾ," ಎಂದಳು.

ಈ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ಅವಳು ಆಮೇಲೂ ಏನೋ ಹೇಳುತ್ತಲೇ ಇದ್ದಳು, ಅದೂ ನೆನಪಿದೆ. ಏನು ಹೇಳಿದಳು ಎಂಬುದು ಮಾತ್ರ ಇಲ್ಲ. ಯಾಕೆಂದರೆ ಆ ಹೊತ್ತಿಗೆ ನಾನು ಪುಕ್ಕಟೆ ಸಿಕ್ಕ ಐವತ್ತನ್ನು ಉಳಿದದ್ದರ ಜೊತೆ ಸೇರಿಸಿ, ಒಂದು ರಿಯಾಲು ಸರಾಸರಿ ಎಷ್ಟಕ್ಕೆ ಬಿತ್ತು ಎಂದು ಮನಸ್ಸಿನಲ್ಲೇ ಭಾಗಿಸುತ್ತಿದ್ದೆ. ಬಹಳ ಅಗ್ಗಕ್ಕೆ ಬಿದ್ದಿತ್ತು. ಆ ಖುಷಿಗೆ ತಲೆ ಆಡಿಸಿದೆ. ಅವಳು ಅದನ್ನು ಒಪ್ಪಿಗೆ ಎಂದುಕೊಂಡಳು.

ನಮ್ಮ ಓಣಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಾಕ್ಕೆ ಹೊರಟವನ ಕೈಯಲ್ಲಿ ಯಾರಾದರೂ ನೋಟು ಇಟ್ಟು ಬದಲಿಗೆ ದುಡ್ಡು ಬೇಡವೆಂದರೆ, ಅದು ಉಡುಗೊರೆ ಅಲ್ಲ, ಅಮಾನತ್ತು. ನಂಬಿ ಒಪ್ಪಿಸಿದ್ದು. ಅಲ್ಲಿ ತಮ್ಮ ಪರವಾಗಿ ಒಂದು ಪುಣ್ಯದ ಕೆಲಸ ಮಾಡಿ ಬಾ ಎಂದು ಅರ್ಥ. ನಾನೂ ಅದೇ ಓಣಿಯಲ್ಲಿ ಹುಟ್ಟಿದವನು. ಸಣ್ಣವನಿದ್ದಾಗ ಎಷ್ಟು ಸಲ ಕಂಡಿದ್ದೆ! ಆದರೆ ಓದಿದವನಿಗೆ ಪುಕ್ಕಟೆ ಸಿಕ್ಕಿದ್ದು ಪುಕ್ಕಟೆಯಾಗಿಯೇ ಕಾಣುತ್ತದೆ.

ಹೋದೆವು, ಬಂದೆವು. ಅಲ್ಲಿ ಅವ್ವ ಅತ್ತಳು, ನಕ್ಕಳು, ಕಾಲು ನೋವೆಂದು ಒಮ್ಮೆಯೂ ಹೇಳಲಿಲ್ಲ. ಬೀದಿಯಲ್ಲಿ ಪಾರಿವಾಳಗಳ ದೊಡ್ಡ ಹಿಂಡು. ಹೆಂಗಸರು ಸಣ್ಣ ಪೊಟ್ಟಣಗಳಲ್ಲಿ ಕಾಳು ಮಾರುತ್ತಿದ್ದರು. ಅವರನ್ನು ನಾನು ದಾಟಿ ಹೋದೆ. ಆ ಐವತ್ತರ ನೋಟು ಎಲ್ಲಿ ಖರ್ಚಾಯಿತು? ಅಲ್ಲಿಯ ಊಟ ಸಾಕಾಗಿ ಹೈದರಾಬಾದಿನವನೊಬ್ಬನ ಅಂಗಡಿಯಲ್ಲಿ ಬಿರಿಯಾನಿ ತಿಂದದ್ದಕ್ಕೆ ಎಂದು ನನ್ನ ನೆನಪು. ನಾನು ನಡೆಯಲಾರೆನೆಂದು ಹಟ ಹಿಡಿದು ಕರೆದ ಟ್ಯಾಕ್ಸಿಗೆ ಎಂದು ಅವ್ವನ ನೆನಪು. ಎರಡರಲ್ಲಿ ಯಾವುದೂ ನನಗೆ ಮರ್ಯಾದೆ ತರುವಂಥದ್ದಲ್ಲ.

ಬಂದ ಮರುದಿನವೇ ಹುಸೇನಬಿ ಚಿಗವ್ವ ಬಂದು ಪಡಸಾಲೆಯಲ್ಲಿ ಕೂತಳು. ಅವ್ವ ಕೊಟ್ಟ ಖರ್ಜೂರವನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿದಳು. ಅವ್ವ ಚಹಾ ಇಡಲು ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು:

"ಹಾಕಿದೇನೋ ಯಪ್ಪಾ?"

"ಏನ, ಚಿಗವ್ವ?"

"ಕಾಳು. ನಮ್ಮ ಮನಿಯವರ ಹೆಸರೀಲೆ. ಹೇಳಿದ್ದೆನಲ್ಲ, ನಲ್ಲಿ ಹತ್ರ."

ಆಗ ನಲ್ಲಿಯ ಹತ್ತಿರದ ಆ ಮಾತುಗಳೆಲ್ಲ, ನೀರೊಳಗೆ ಬಿದ್ದ ಕೊಡ ಮೇಲೆ ಬಂದ ಹಾಗೆ, ಒಂದೊಂದಾಗಿ ಮೇಲೆದ್ದವು. ಅಥವಾ ಅವಳು ಈಗ ಹೇಳಿದ್ದನ್ನೇ ನನ್ನ ತಲೆ ಹಿಂದಕ್ಕೆ ಒಯ್ದು ನಲ್ಲಿಯ ಹತ್ತಿರ ಇಟ್ಟಿತೋ ಏನೋ. ಇಮಾಮಸಾಬ ಜೀವಮಾನವಿಡೀ ಅಕ್ಕಿ ಮಿಲ್ಲಿನ ಕಟ್ಟೆಯ ಮೇಲೆ ಹಕ್ಕಿ ಕಾದವನು. ಒಣಹಾಕಿದ ಭತ್ತಕ್ಕೆ ಪಾರಿವಾಳ ಇಳಿದರೆ ತಗಡು ಬಡಿದು ಓಡಿಸುವುದೇ ಅವನ ನೌಕರಿ. ಕೊನೆಗಾಲದಲ್ಲಿ ಅವನಿಗೆ ಅದೇ ಚಿಂತೆ ಹತ್ತಿತ್ತು: ಹಸಿದು ಬಂದ ಎಷ್ಟು ಜೀವ ಓಡಿಸಿದೆನೋ, ಮೇಲೆ ಹೋದಾಗ ಏನು ಹೇಳಲಿ ಎಂದು. ಆ ನೋಟನ್ನು ಅವನು ಮುಟ್ಟದೆ ಇಟ್ಟದ್ದು, ಅವನ ನಂತರ ಅವಳು ಮುಟ್ಟದೆ ಇಟ್ಟದ್ದು, ಮಕ್ಕಾದ ಪಾರಿವಾಳಗಳಿಗೆ ಒಂದು ಹೊತ್ತು ಹೊಟ್ಟೆ ತುಂಬ ಕಾಳು ಹಾಕಿಸಲಿಕ್ಕೆ.

ನಿಜ ಹೇಳಲು ಅದೇ ಸರಿಯಾದ ಗಳಿಗೆಯಾಗಿತ್ತು. "ಹಾಕಿದೆ ಚಿಗವ್ವ," ಎಂದೆ.

"ತಿಂದುವೇನು?"

"ತಿಂದುವು."

"ಹೆದರಿ ಹಾರಿ ಹೋಗ್ಲಿಲ್ಲ?"

"ಇಲ್ಲ. ಒಂದು ಬೆಳ್ಳಂದು ಅಂತೂ ನನ್ನ ಅಂಗೈ ಮ್ಯಾಲ ಕುಂತು ತಿಂತು."

ಆ ಬಿಳಿ ಪಾರಿವಾಳವನ್ನು ಯಾರೂ ಕೇಳಿರಲಿಲ್ಲ. ಜೀವಮಾನವೆಲ್ಲ ಕೊಸರು ಕೇಳಿದವನು ಅವತ್ತು ಮೊದಲ ಸಲ ಕೊಸರು ಕೊಟ್ಟೆ, ಅದೂ ಸುಳ್ಳಿನಲ್ಲಿ. ಚಿಗವ್ವ ಬಹಳ ಹೊತ್ತು ನನ್ನ ಅಂಗೈಯನ್ನೇ ನೋಡಿದಳು. ಆಮೇಲೆ ಅದನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡು ಎದ್ದು ಹೋದಳು. ಚಹಾ ತಂದ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಯಾವಾಗ ಹಾಕಿದೆಲೇ ಕಾಳು? ನಾ ಎಲ್ಲಿದ್ದೆ?"

"ನಿನಗ ನಿದ್ದಿ ಹತ್ತಿತ್ತು."

"ಮಕ್ಕಾದಾಗ? ನನಗ?" ಎಂದಳು ಅವ್ವ. ಆ ಚಹಾ ನನಗೆ ಕೊಡಲಿಲ್ಲ, ತಾನೇ ಕುಡಿದಳು.

ಆ ಮೇಲಿನ ತಿಂಗಳುಗಳು ವಿಚಿತ್ರವಾಗಿದ್ದವು. ಬಿಳಿ ಪಾರಿವಾಳದ ಕಥೆ ಓಣಿಯೆಲ್ಲ ತಿರುಗಿತು. ಚಿಗವ್ವನ ಪ್ರಕಾರ ಅದು ಬರೀ ಪಾರಿವಾಳವಲ್ಲ, ಇಮಾಮಸಾಬನಿಗೆ ಮಾಫಿ ಸಿಕ್ಕ ಗುರುತು. ನಲ್ಲಿಯ ಹತ್ತಿರ ಹೊಸಬರು ಯಾರಾದರೂ ಬಂದರೆ ನನ್ನನ್ನು ಕರೆದು, "ಹೇಳೋ ಯಪ್ಪಾ, ಹೆಂಗ ಕುಂತಿತ್ತು?" ಎನ್ನುತ್ತಿದ್ದಳು. ಹೇಳುತ್ತಾ ಹೇಳುತ್ತಾ ನನಗೂ ಅದು ಕಾಣಿಸತೊಡಗಿತು. ಅಂಗೈಯಲ್ಲಿ ಕಾಳಿನ ತೂಕ, ಬೆರಳಿಗೆ ತಾಗಿದ ಉಗುರಿನ ಚುಚ್ಚು, ಎಲ್ಲಾ. ಒಂದು ದಿನ ಕೊಪ್ಪಳದ ಬಸ್ಸಿನಲ್ಲಿ, "ನಾನು ನಿಜವಾಗಿ ಹಾಕಿದ್ದೆನೇನೋ?" ಎಂದು ಪ್ರಾಮಾಣಿಕವಾಗಿಯೇ ಯೋಚಿಸುತ್ತಾ ಕೂತಿದ್ದೆ. ಆಗ ಹೆದರಿಕೆಯಾಯಿತು. ನನ್ನ ನೆನಪು ನನ್ನ ಪರವಾಗಿ ಸುಳ್ಳು ಸಾಕ್ಷಿ ಹೇಳಲು ಶುರುಮಾಡಿತ್ತು. ಇನ್ನೊಂದು ವರ್ಷ ಬಿಟ್ಟರೆ ನಾಚಿಕೆಯೂ ಉಳಿಯುತ್ತಿರಲಿಲ್ಲ.

ಹೇಡಿಗೆ ಮೊದಲು ಹೊಳೆಯುವುದು ಗುಟ್ಟಿನ ದಾರಿ. ಐವತ್ತು ರಿಯಾಲು ಕೊಂಡು, ಹೋಗುವವರ ಕೈಯಲ್ಲಿ ಸದ್ದಿಲ್ಲದೆ ಕಳಿಸಿ, ಕಾಳು ಹಾಕಿಸಿದರೆ ಸುಳ್ಳು ತಾನಾಗಿಯೇ ನಿಜವಾಗುತ್ತದೆ ಎಂದುಕೊಂಡೆ. ಹೊಸಪೇಟೆಗೆ ಹೋಗಿ, ಪರವಾನಗಿ ಇರುವ ಕಿಟಕಿಯ ಮುಂದೆಯೇ ಸಭ್ಯನಾಗಿ ನಿಂತೆ. ಒಳಗಿನವನು ಪಾಸ್‌ಪೋರ್ಟ್, ಟಿಕೀಟು ಕೇಳಿದ.

"ಎಲ್ಲಿಗಿ ಹೊಂಟೀರಿ ಸರ?"

"ನಾ ಎಲ್ಲಿಗೂ ಹೊಂಟಿಲ್ಲರಿ."

"ಮತ್ತ ರಿಯಾಲ ಯಾಕ್ರಿ?"

"ಹಕ್ಕಿಗೆ ಕಾಳು ಹಾಕಾಕ."

ಅವನು ಪೆನ್ನು ಕೆಳಗಿಟ್ಟು ನನ್ನನ್ನು ಸರಿಯಾಗಿ ನೋಡಿದ. "ಹಕ್ಕಿದರ ಪಾಸ್‌ಪೋರ್ಟ್ ಐತೇನ್ರಿ?" ಎಂದ. ಹಿಂದೆ ನಿಂತವರು ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡುವುದು? ಪ್ರಯಾಣ ಮಾಡದವನಿಗೆ ಯಾವ ದರಕ್ಕೂ ಒಂದು ರಿಯಾಲೂ ಕೊಡುವಂತಿಲ್ಲವಂತೆ.

ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ಹೋದರೆ ಮತ್ತೊಂದು ಉಪಾಯ ಹೊಳೆಯುತ್ತಿತ್ತು. ಚಿಗವ್ವ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಚಿಗವ್ವ, ಆ ಕಾಳು ನಾ ಹಾಕಿಲ್ಲ. ನಿನ್ನ ರೊಕ್ಕ ನಾ ಖರ್ಚು ಮಾಡಿಬಿಟ್ಟೆ."

ಮೊರ ನಿಂತಿತು. "ಒಂದೂ ಹಾಕಿಲ್ಲ?"

"ಒಂದೂ ಇಲ್ಲ."

"ಮತ್ತ ಆ ಬೆಳ್ಳಂದು?"

"ಅದೂ ಸುಳ್ಳ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಅಕ್ಕಿಯಲ್ಲಿ ಒಂದು ಕಲ್ಲು ಹುಡುಕಿ ತೆಗೆದಳು, ಬೀದಿಗೆ ಎಸೆದಳು. ಆಮೇಲೆ ಹೇಳಿದಳು: "ಮೌಲಾ ಆವತ್ತ ಹೇಳಿದ್ದ. ಅಲ್ಲಿ ಬಿಳಿ ಪಾರಿವಾಳ ಎಲ್ಲಿ ಅದಾವಬೇ, ಎಲ್ಲಾ ಬೂದಿ ಬಣ್ಣದವ, ನಾ ಕಣ್ಣಾರೆ ನೋಡೀನಿ ಅಂದ. ನಾ ಅಂವಗ ಹಿಡಿದು ಬೈದೆ. ಮಾಸ್ತರ ಕಲಿತ ಮನಶ್ಯಾ, ಕಂಡದ್ದ ಹೇಳಾಂವ, ನಿನ್ನ ಕಣ್ಣಿಗೆ ಬಿದ್ದಿಲ್ಲ ಅಂದ್ರ ಇಲ್ಲಂತೇನು ಅಂದೆ. ಎಂಟು ದಿನ ಅವನ ಕೂಡ ಮಾತು ಬಿಟ್ಟಿದ್ದೆ."

ನಾನು ಕಿಸೆಯಿಂದ ರೂಪಾಯಿ ತೆಗೆದೆ. ಅಂಥ ಹೊತ್ತಿನಲ್ಲೂ ಕೈ ಕಿಸೆಗೇ ಹೋಗುತ್ತದೆ ನೋಡಿ.

"ಇವನ್ನ ತಗೊಂಡು ನಾ ಏನ್ ಮಾಡ್ಲಿ?" ಎಂದಳು. "ಮುಂದಿನ ತಿಂಗಳ ಮೌಲಾನ ಸೊಸಿ ಹೊಂಟಾಳ. ಆಕಿ ಟಿಕೀಟಿನ ಮ್ಯಾಲ ಐವತ್ತು ರಿಯಾಲ ತರಸು. ಆದ್ರ ಆಕಿ ಕೈಯಾಗ ನೀ ಕೊಡಬ್ಯಾಡ. ನಿಮ್ಮವ್ವನ ಕಡಿಂದ ಕೊಡಸು."

ಅಷ್ಟೇ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಅವಳು ಹುಡುಕಲಿಲ್ಲ, ನನಗೂ ಬೇಕಾಗಿರಲಿಲ್ಲ.

ಹೇಳಿದಂತೆಯೇ ನಡೆಯಿತು. ಮೌಲಾಸಾಬ ಕಾಕಾನ ಅಂಗಳದಲ್ಲಿ ಅವ್ವ ನೋಟು ಕೊಟ್ಟಳು. ನಾನು ಗೇಟಿನ ಹೊರಗೆ ನಿಂತಿದ್ದೆ. ಆ ಸೊಸೆ ಹೈಸ್ಕೂಲು ಮುಗಿಸಿದವಳು, ಅಷ್ಟೇ. ಅವಳು ನೋಟನ್ನು ಪರ್ಸಿಗೆ ಹಾಕಲಿಲ್ಲ. ಒಂದು ಚೀಟಿ ಹರಿದು "ಇಮಾಮಸಾಬ, ಮಿಲ್ಲಿನವರು, ಕಾಳು" ಎಂದು ಬರೆದು, ನೋಟಿಗೆ ಸುತ್ತಿ ದಾರ ಕಟ್ಟಿದಳು. ಅವಳ ಮುಂದೆ ಅಂಥ ಹತ್ತಾರು ಪುಟ್ಟ ಸುರುಳಿಗಳಿದ್ದವು, ಒಂದೊಂದಕ್ಕೂ ಒಂದೊಂದು ಹೆಸರು.

ಪ್ರತಿ ವರ್ಷ ಹಣದ ಪಾಠ ಬಂದಾಗ ನಾನು ತರಗತಿಯಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಒಂದು ನೋಟಿಗೂ ಅದೇ ಬೆಲೆಯ ಇನ್ನೊಂದು ನೋಟಿಗೂ ಭೇದವಿಲ್ಲ, ಅದೇ ಹಣದ ಗುಣ. ಈ ವರ್ಷವೂ ಪಾಠ ಬಂತು. ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಬರೆದೆ. ಮಕ್ಕಳು ಪೆನ್ನು ಹಿಡಿದು ಕಾಯುತ್ತಿದ್ದರು. "ಪರೀಕ್ಷೆಯಲ್ಲಿ ಹೀಗೇ ಬರೆಯಿರಿ," ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯವಾಗಲಿಲ್ಲ.