ಆರುವ ಮೊದಲೇ ಒಡೆದ ಕಾಯಿ

ನವಲಗುಂದದ ಹುಬ್ಬಳ್ಳಿ ರಸ್ತೆಗೆ ನಮ್ಮ ಮನೆ. ಅದರ ಮುಂದೆಯೇ ತಗಡು ಇಳಿಸಿ ನಾನು ವೆಲ್ಡಿಂಗ್ ಅಂಗಡಿ ಇಟ್ಟಾಗ ಎಂಬತ್ತರ ದಶಕ ಅರ್ಧ ಕಳೆದಿತ್ತು. ಹೊಲ ಬಿಟ್ಟು ಕಬ್ಬಿಣ ಸುಡುವ ಮಗನ ಮೇಲೆ ಅಪ್ಪನಿಗೆ ಸಿಟ್ಟಿರಲಿಲ್ಲ, ನಂಬಿಕೆ ಇರಲಿಲ್ಲ ಅಷ್ಟೇ. ಸಿಟ್ಟಾದರೆ ಜಗಳವಾಡಿ ಮುಗಿಸಬಹುದಿತ್ತು. ಕುಂಟೆಯ ಕಬ್ಬಿಣದ ಕುಡ ಮುರಿದರೆ ಅದನ್ನು ಚೀಲದಲ್ಲಿ ಸುತ್ತಿಕೊಂಡು ಬೆಸುಗೆ ಹಾಕಿಸಲು ಹುಬ್ಬಳ್ಳಿಗೆ ಹೋಗುತ್ತಿದ್ದ. ಬಸ್ಸು ಹತ್ತುತ್ತಿದ್ದುದು ಮಾತ್ರ ನನ್ನ ಅಂಗಡಿಯ ಮುಂದೆಯೇ.

ಅವ್ವ ಹಾಗಲ್ಲ. ಕಸುಬು ಮಗನ ಕೈ ಹತ್ತಲಿ ಎಂದು ಯಮನೂರಿನ ದೇವರಿಗೆ ಹರಕೆ ಹೊತ್ತಿದ್ದಳು. ಅದನ್ನು ತೀರಿಸಲು ಓಣಿಯ ಹೆಂಗಸರನ್ನೆಲ್ಲ ನಮ್ಮ ಟ್ರೇಲರಿನಲ್ಲಿ ಕರೆದೊಯ್ಯುವುದೆಂದು ಗೊತ್ತಾಯಿತು. ಹೊರಡುವ ಹಿಂದಿನ ದಿನ ನೋಡಿದರೆ, ಟ್ರೇಲರನ್ನು ಟ್ರ್ಯಾಕ್ಟರಿಗೆ ಕೂಡಿಸುವ ದಪ್ಪ ಕಬ್ಬಿಣದ ಪಟ್ಟಿ ಬಿರಿದಿತ್ತು. ಹುಬ್ಬಳ್ಳಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಅಪ್ಪ ಮೊದಲ ಸಲ ನನ್ನ ಅಂಗಡಿಗೆ ಗಿರಾಕಿಯಾಗಿ ಬಂದ.

“ಮಾಡ್ತಿ ಏನ? ಮ್ಯಾಲ ಹೆಣ್ಮಕ್ಳು ಕುಂದರ್ತಾರ.”

“ಮಾಡ್ತೀನಿ.”

“ನಾ ಅಂತೂ ಬಸ್ಸಿಗೆ ಬರ್ತೀನಿ,” ಎಂದು ಕಟ್ಟೆಯ ಮೇಲೆ ಕುಳಿತ.

ದಪ್ಪ ಪಟ್ಟಿಯ ಬೆಸುಗೆ ತೆಳು ತಗಡಿನ ಹಾಗಲ್ಲ. ಅಂಚುಗಳನ್ನು ಓರೆಯಾಗಿ ಸವೆಸಿ, ತಳದಿಂದ ಪದರ ಪದರವಾಗಿ ತುಂಬುತ್ತ ಬರಬೇಕು. ಬುಡ ಕರಗದಿದ್ದರೆ ಮೇಲೆ ಎಷ್ಟು ಚಂದ ಕಂಡರೂ ಒಳಗೆ ಎರಡು ತುಂಡು ಎರಡಾಗಿಯೇ ಇರುತ್ತವೆ. ಒಂದು ಪದರದ ಮೇಲೆ ಕಟ್ಟುವ ಕಿಟ್ಟ ಕೆರೆಯದೆ ಇನ್ನೊಂದು ಹಾಕಿದರೆ ಕಿಟ್ಟ ನಡುವೆ ಹೂತುಹೋಗುತ್ತದೆ. ಕರಗಿಸಿ ತುಂಬುವ ರಾಡಿಗೆ ತೇವ ಹಿಡಿದಿದ್ದರೆ ಕರಗಿದ ಲೋಹದಲ್ಲಿ ಗುಳ್ಳೆ ಏಳುತ್ತವೆ. ಅವು ಹೊರಗೆ ಬರುವ ಮೊದಲೇ ಲೋಹ ಗಟ್ಟಿಯಾದರೆ ತೂತುಗಳಾಗಿ ಉಳಿಯುತ್ತವೆ. ಇಷ್ಟೆಲ್ಲ ದಾಟಿದರೂ ಬೆಸುಗೆ ನಿಧಾನ ಆರಬೇಕು, ಅವಸರದಲ್ಲಿ ಆರಿದರೆ ಬಿರಿಯುತ್ತದೆ. ಈಗ ಲೇಸರ್ ಕಿರಣದಿಂದ ಬೆಸೆಯುತ್ತಾರಂತೆ. ದಪ್ಪ ತಗಡಿನಲ್ಲಿ ಗುಳ್ಳೆ, ಬಿರುಕಿನ ಕಾಟ ಅವರಿಗೂ ತಪ್ಪಿಲ್ಲ ಎಂದು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು.

ಕೊನೆಯ ಪದರ ಮುಗಿಸಿ ರಾಡು ಎತ್ತಿಡಲು ತಿರುಗಿದೆ. ನಮ್ಮಲ್ಲಿ ಗಾಡಿ ರಿಪೇರಿಯಾದರೆ ಕಾಯಿ ಒಡೆಯದೆ ಹೊರಡಿಸುವುದಿಲ್ಲ. ಅವ್ವ ವಿಭೂತಿ, ಕಾಯಿ ಹಿಡಿದು ಕಾಯುತ್ತಲೇ ಇದ್ದಳು. ವಿಭೂತಿ ಹಚ್ಚಲು ಹೋಗಿ ಕಾವು ತಾಗಿ ಕೈ ಹಿಂದೆ ತೆಗೆದಳು.

“ಎಷ್ಟ ಸುಡಾಕತ್ತೈತಿ, ಪಾಪ,” ಎಂದು ಕಾಯಿ ಒಡೆದು ನೀರನ್ನೆಲ್ಲ ಬೆಸುಗೆಯ ಮೇಲೆಯೇ ಸುರಿದಳು.

ಬುಸ್ಸೆಂದು ಹಬೆ ಎದ್ದಿತು. ಅದರೊಳಗಿಂದ ಟಿಣ್ ಎಂದು ಒಂದು ಸಣ್ಣ ಸದ್ದು.

ನಾನು ಶಾಂತ ಸ್ವಭಾವದವನಲ್ಲ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವ್ವ ಕಣ್ಣು ಮುಚ್ಚಿ ಕೈ ಮುಗಿದಿದ್ದಳು, ಮುಖದ ತುಂಬ ಸಂತೋಷ. ನಿಜ ಹೇಳಿದರೆ ತನ್ನ ಕೈಯಿಂದಲೇ ಹರಕೆ ಕೆಟ್ಟಿತೆಂದು ಕೊರಗುತ್ತಿದ್ದಳು. ಅವಳನ್ನು ಅಷ್ಟು ಪ್ರೀತಿಸಿದ ಗಳಿಗೆ ನನ್ನ ನೆನಪಿನಲ್ಲಿ ಬೇರೆ ಇಲ್ಲ. ಬಾಯಿ ಮುಚ್ಚಿಕೊಂಡೆ.

ಪೂರ್ತಿ ಆರಿದ ಮೇಲೆ ಬೆಸುಗೆಗೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಬಳಪ ತಿಕ್ಕಿದೆ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಹೊರಬಂದು ಬಿಳುಪಿನ ಮೇಲೆ ಕೂದಲೆಳೆಯಷ್ಟು ಗೆರೆ ಮೂಡಿತು.

“ಅಪ್ಪಾ, ಕೆತ್ತಿ ಮತ್ತ ಹಾಕ್ಬೇಕು.”

“ಯಾಕ?”

“ರಾಡ್ ತಂಪ ಹಿಡದಿತ್ತು. ನಾ ನೋಡಲಿಲ್ಲ.”

ಅಪ್ಪ ರಸ್ತೆಯ ಕಡೆ ಮುಖ ತಿರುಗಿಸಿದ. ಮೊದಲ ಸಲ ಬಂದ ಗಿರಾಕಿ, ಇನ್ನು ಬರಲಿಕ್ಕಿಲ್ಲ ಎಂದುಕೊಂಡೆ.

ಮಾಡಿದ್ದನ್ನೆಲ್ಲ ಕೆತ್ತಿ ಮತ್ತೆ ಬುಡದಿಂದ ತುಂಬಿದೆ. ಮುಗಿಯುತ್ತಲೇ ಅವ್ವನಿಗೆ ಒಲೆಯ ಬಿಸಿ ಬೂದಿ ತರಲು ಹೇಳಿದೆ. ಅವಳು ಬುಟ್ಟಿ ತುಂಬ ತಂದು, ಕೂಸಿಗೆ ಕೌದಿ ಹೊದಿಸುವ ಹಾಗೆ ಬೆಸುಗೆಯ ಸುತ್ತ ಒತ್ತಿ ಒತ್ತಿ ಮುಚ್ಚಿದಳು.

ಹೊತ್ತು ಇಳಿದಾಗ ಅವ್ವ ಇನ್ನೊಂದು ಕಾಯಿ ಹಿಡಿದು ಬಂದಳು. ನಾನು ನೆಪ ಹುಡುಕುತ್ತಿದ್ದೆ. ಕಟ್ಟೆಯಿಂದ ಅಪ್ಪನ ದನಿ ಬಂತು.

“ತಡಿ. ಅದು ಅಗದಿ ಆರ್ಲಿ. ಅಲ್ಲೀ ಮಟ ನೀರ ಹಾಕಬ್ಯಾಡ.”

ನಾನು ತಿರುಗಿ ನೋಡಿದೆ. ಇದನ್ನು ಅವನಿಗೆ ನಾನು ಹೇಳಿಯೇ ಇರಲಿಲ್ಲ. ಆ ಟಿಣ್ ಎಂಬ ಸದ್ದು ಅವನ ಕಿವಿಗೂ ಬಿದ್ದಿತ್ತು.

“ಹಂಗಂದ್ರ ಗಾಲಿಗೆ ಒಡೀತೀನಿ ಬಿಡ್ರಿ,” ಎಂದು ಅವ್ವ ಆ ಕಡೆ ಹೋದಳು. ಅಪ್ಪ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

“ರಾಡ್ ತಂಪ ಹಿಡದಿತ್ತ?”

“ಹೂಂ.”

“ಹಂಗ ಇರ್ಲಿ. ಯಾರ್ ಕೇಳಿದ್ರೂ ಹಂಗ ಹೇಳು.”

ಬೆಳಿಗ್ಗೆ ಮತ್ತೆ ಸೀಮೆಎಣ್ಣೆ, ಬಳಪ ಹಚ್ಚಿ ನೋಡಿದೆ. ಗೆರೆ ಮೂಡಲಿಲ್ಲ. ಹೆಂಗಸರು ಟ್ರೇಲರ್ ಹತ್ತುತ್ತಿದ್ದಾಗ ಅಂಗಡಿಯ ಮುಂದೆ ಬಸ್ಸು ಬಂದು ನಿಂತಿತು. ಪರಿಚಯದ ಕಂಡಕ್ಟರ್ ಅಪ್ಪನನ್ನು ಕೂಗಿದ. ಟ್ರೇಲರಿನ ಮುಂದಿನ ಅಂಚಿನಲ್ಲಿ, ಆ ಪಟ್ಟಿಯ ಸರಿ ಮೇಲೆ, ಅವ್ವನ ಪಕ್ಕದಲ್ಲಿ ಕುಳಿತಿದ್ದ ಅಪ್ಪ ಕೈ ಬೀಸಿ ಹೇಳಿದ:

“ನೀವ್ ನಡೀರಿ.”